ಮೊಟ್ಟೆಯ ಲೆಕ್ಕ ಕೊಟ್ಟಿರಿ, ಕೋಳಿಯ ಗುಣ ಯಾಕೆ ಬಿಟ್ಟಿರಿ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರದ ನಿಮ್ಮ ಕೃಷಿ ಪುಟದಲ್ಲಿ ಹಿತ್ತಲ ಕೋಳಿ ಸಾಕಣೆಯ ಬರಹ ಓದಿದೆ. ತಳಿಗಳ ಪಟ್ಟಿ ಚೆನ್ನಾಗಿತ್ತು. ಯಾವುದು ವರ್ಷಕ್ಕೆ ಎಷ್ಟು ಮೊಟ್ಟೆ ಇಡುತ್ತದೆ, ಎಷ್ಟು ತೂಕ ಬರುತ್ತದೆ, ಯಾವಾಗ ಮಾರಬಹುದು, ಎಲ್ಲ ಇತ್ತು. ಕತ್ತರಿಸಿ ನನ್ನ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ. ಆದರೆ ಒಂದು ವಿಷಯ ಎಲ್ಲೂ ಕಾಣಲಿಲ್ಲ. ಅಂಗಳದಲ್ಲಿ ಮೂರು ವರ್ಷದ ಮಗು ಬರಿಗಾಲಲ್ಲಿ ಓಡಾಡುತ್ತಿದ್ದರೆ ಈ ಕೋಳಿಗಳು ಹೇಗೆ ನಡೆದುಕೊಳ್ಳುತ್ತವೆ? ಹೆಣ್ಣು ಕೊಡುವಾಗ ಹುಡುಗನ ಸಂಬಳದ ಜೊತೆ ಗುಣವನ್ನೂ ವಿಚಾರಿಸುತ್ತೇವಲ್ವಾ? ಕೋಳಿಗೂ ಅದೇ ಆಗಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯವಳು. ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ನಮ್ಮ ಯಜಮಾನರು ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಲೋಡು ಹೊಡೆಯುತ್ತಾರೆ. ಮಗಳು ಎರಡನೇ ಕ್ಲಾಸು, ಮಗನಿಗೆ ಈಗ ನಾಲ್ಕು ನಡೆಯುತ್ತಿದೆ. ಅತ್ತೆ ಜೊತೆಗಿದ್ದಾರೆ. ಮನೆ ಹಿಂದೆ ಹನ್ನೆರಡು ತೆಂಗಿನ ಮರದ ಹಿತ್ತಲು. ಮೂರು ವರ್ಷದಲ್ಲಿ ಅಲ್ಲಿ ನಾಲ್ಕೈದು ಜಾತಿಯ ಕೋಳಿ ಸಾಕಿದ್ದೇನೆ. ಕೆಲವನ್ನು ತಿಂದಿದ್ದೇವೆ, ಕೆಲವನ್ನು ನಾಯಿ ತಿಂದಿದೆ.

ಶುರುವಾಗಿದ್ದು ಜಾತ್ರೆಯಲ್ಲಿ. ರಟ್ಟಿನ ಡಬ್ಬದ ತುಂಬ ಗುಲಾಬಿ, ಹಸಿರು, ನೀಲಿ ಬಣ್ಣ ಹಚ್ಚಿದ ಕೋಳಿಮರಿ ಇಟ್ಟುಕೊಂಡು ಒಬ್ಬ ಕೂತಿದ್ದ. ಮಗಳು ಅತ್ತು ಕರೆದು ಒಂದು ಗುಲಾಬಿ ಮರಿ ತಗೊಂಡಳು. ಮೊದಲನೆಯ ರಾತ್ರಿ ಕಿಚಿಕಿಚಿ ಅಂದಿತು. ನಾಲ್ಕನೆಯ ಬೆಳಿಗ್ಗೆ ಸೆಟೆದುಕೊಂಡು ಬಿದ್ದಿತ್ತು. ಅವಳು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಆಮೇಲೆ ಪಶು ಆಸ್ಪತ್ರೆಯವರು ಹೇಳಿದರು, ಇವು ಹೆಚ್ಚಾಗಿ ಮೊಟ್ಟೆ ತಳಿಯ ಗಂಡುಮರಿಗಳಂತೆ. ಮೊಟ್ಟೆ ಇಡುವುದಿಲ್ಲ, ಮಾಂಸವೂ ಬೇಗ ಬರುವುದಿಲ್ಲ. ಹಾಗಾಗಿ ಮರಿ ಮಾಡಿಸುವವರಿಗೆ ಬೇಡ. ಮೊದಲ ವಾರ ಮರಿಗೆ 32ರಿಂದ 35 ಡಿಗ್ರಿಯಷ್ಟು ಬಿಸಿ ಬೇಕು. ಜಾತ್ರೆಯ ಗಾಳಿ, ಬಣ್ಣದ ನೀರು, ಮಕ್ಕಳ ಕೈಯ ಹಿಸುಕಾಟ, ಇಷ್ಟರಲ್ಲಿ ಉಳಿಯುವುದು ಹೇಗೆ? ಮಕ್ಕಳಿಗೆ ಮೊದಲ ಕೋಳಿ ಅಂತ ಇದನ್ನು ಮಾತ್ರ ಕೊಡಿಸಬೇಡಿ.

ಅವಳ ಅಳು ನಿಲ್ಲಿಸಲು ವ್ಯಾನಿನಲ್ಲಿ ಬಂದವನ ಹತ್ತಿರ 'ಗಿರಿರಾಜ' ಅಂತ ಆರು ಮರಿ ತಗೊಂಡೆ. ಎರಡೇ ತಿಂಗಳಲ್ಲಿ ತಂಬಿಗೆ ಥರ ಊದಿಕೊಂಡವು. ಮೇವಿನ ತಟ್ಟೆ ಬಿಟ್ಟು ಏಳುತ್ತಲೇ ಇರಲಿಲ್ಲ. ಎರಡಕ್ಕೆ ಕಾಲು ಸೊಟ್ಟಗಾಯಿತು. ನೋಡಿದವರು 'ಅಯ್ಯೋ, ಇದು ಬಣ್ಣದ ಬ್ರಾಯ್ಲರ್ ಕಣಮ್ಮ' ಅಂದರು. ಗರಿ ಕೆಂಪಗಿದ್ದರೆ ಸಾಕು, ಸಂತೆಯಲ್ಲಿ ಎಲ್ಲವೂ ಗಿರಿರಾಜವೇ.

ನಿಜವಾದ ಗಿರಿರಾಜ ಬೇರೆ. ಅದನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 1989ರಲ್ಲಿ ಬಿಡುಗಡೆ ಮಾಡಿದರು. ಹಿತ್ತಲಲ್ಲಿ ನಾಟಿಯ ಥರ ಮೇಯಬೇಕು, ನಾಟಿಗಿಂತ ಜಾಸ್ತಿ ಮೊಟ್ಟೆ, ಮಾಂಸ ಕೊಡಬೇಕು ಅಂತಲೇ ಮಾಡಿದ ತಳಿ ಅದು. ಆಮೇಲೆ 2005ರಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದಿಂದ ಸ್ವರ್ಣಧಾರ ಬಂತು. ಇದರ ಮೈ ಗಿರಿರಾಜಕ್ಕಿಂತ ಸ್ವಲ್ಪ ಹಗುರ, ಮೊಟ್ಟೆಯೂ ಹೆಚ್ಚು. ನಮ್ಮವರು ಬೆಂಗಳೂರಿನ ಹೆಬ್ಬಾಳದಲ್ಲಿ ಆ ಮರಿ ಕೊಡುವ ಕಡೆ ಮೊದಲೇ ಹೆಸರು ಬರೆಸಿ, ಊರಿನ ಇನ್ನೊಬ್ಬರ ಜೊತೆ ಸೇರಿ ಸ್ವರ್ಣಧಾರ ಮರಿ ತಂದರು. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ, ರೈಲಿನಲ್ಲಿ, ಯಶವಂತಪುರದಿಂದ ಅರಸೀಕೆರೆವರೆಗೆ. ದಾರಿಯಲ್ಲಿ ತಿನ್ನಲು ಏನು ಕೊಡುವುದು ಅಂತ ನನಗೆ ಗಾಬರಿ. ಹುಟ್ಟಿದ ಮೊದಲೆರಡು ದಿನ ಹೊಟ್ಟೆಯೊಳಗೆ ಉಳಿದ ಹಳದಿಯೇ ಅವಕ್ಕೆ ಬುತ್ತಿಯಂತೆ. ಒಂದೂ ಸಾಯಲಿಲ್ಲ.

ಮಕ್ಕಳಿರುವ ಮನೆಗೆ ಈ ಹೆಣ್ಣು ಕೋಳಿಗಳು ಒಳ್ಳೆಯವು. ಬಿಸಿಗೆ ಹಾಕಿದ ಬಲ್ಬಿನ ಕೆಳಗೆ ನಮ್ಮ ಕೈಯಲ್ಲೇ ಬೆಳೆದಿದ್ದರಿಂದ ಮನುಷ್ಯರ ಭಯವಿಲ್ಲ. ಹಿಡಿಯಲು ಹೋದರೆ ರೆಕ್ಕೆ ಬಡಿದು ಮುಖಕ್ಕೆ ಹಾರುವುದಿಲ್ಲ. ಒಂದೇ ತೊಂದರೆ, ಭಾರ. ಹ್ಯಾಟೆ ಮೂರು ಕೆ.ಜಿ. ಹತ್ತಿರ ಬರುತ್ತದೆ. ಮಗ ಎತ್ತಲು ಹೋಗಿ ಅವನೂ ಕೋಳಿಯೂ ಗೊಬ್ಬರದ ಗುಂಡಿಗೆ ಬಿದ್ದರು. ಕೋಳಿ ಎದ್ದು ಹೋಯಿತು, ಇವನನ್ನು ನಾನು ಎತ್ತಬೇಕಾಯಿತು. ಸಣ್ಣವರಿಗೆ ಎತ್ತಿಕೊಳ್ಳುವುದನ್ನು ಕಲಿಸುವ ಬದಲು ಕೂತು ಕಾಳು ಹಾಕುವುದನ್ನು ಕಲಿಸಿದರೆ ಸಾಕು. ಕೋಳಿಯೇ ತೊಡೆ ಹತ್ತಿ ಬರುತ್ತದೆ.

ಈಗ ಹುಂಜದ ಕಥೆ. ಇದಕ್ಕಾಗಿಯೇ ಹೆಸರು ಹಾಕದೆ ಈ ಪತ್ರ ಬರೆಯುತ್ತಿದ್ದೇನೆ. ಹುಂಜ ಕೊಟ್ಟವರ ಮನೆಗೂ ನಿಮ್ಮ ಪತ್ರಿಕೆ ಬರುತ್ತದೆ.

'ಬರೀ ಹೆಣ್ಣು ಕೋಳಿ ಇದ್ದರೆ ಮನೆಗೆ ಕಳೆ ಇಲ್ಲ' ಅಂತ ನಮ್ಮ ಮೈದುನ ಕಾಳಗದ ತಳಿ ಅಸೀಲ್ ಮಿಶ್ರದ ಒಂದು ಹುಂಜ ತಂದು ಬಿಟ್ಟ. ನೋಡಲು ರಾಜನೇ ಸರಿ. ಉದ್ದ ಕತ್ತು, ಗಟ್ಟಿ ಕಾಲು, ತಾಮ್ರದ ಬಣ್ಣ. ಮೊದಲೆರಡು ತಿಂಗಳು ಸುಮ್ನೆ ಇತ್ತು. ಪ್ರಾಯಕ್ಕೆ ಬಂದ ಮೇಲೆ ನನ್ನ ಸೀರೆಯ ಅಂಚಿಗೆ ಒದೆಯಲು ಶುರು ಮಾಡಿತು. ನಾವೆಲ್ಲ ನಕ್ಕೆವು. ಅಲ್ಲಿ ತಪ್ಪಿದೆವು. ಒಂದು ಬೆಳಿಗ್ಗೆ ಮಗ ಕೈಯಲ್ಲಿ ಬಿಸ್ಕೆಟ್ ಹಿಡಿದು ಹಿತ್ತಲಿಗೆ ಹೋದ. ನಾನು ಒಳಗೆ ಕಾಜಾ ಹಾಕುತ್ತಿದ್ದೆ. ಕಿರುಚಿದ್ದು ಕೇಳಿ ಓಡಿದರೆ ಹುಂಜ ಅವನ ಎದೆಯ ಮೇಲೆ ಹಾರಿತ್ತು. ಕಾಲಿನ ಮುಳ್ಳು ಕಣ್ಣಿನಿಂದ ಅರ್ಧ ಬೆರಳು ಕೆಳಗೆ ಗೀರಿತ್ತು. ಮೂರು ಹೊಲಿಗೆ ಬಿತ್ತು. ಬಟ್ಟೆಗೆ ದಿನಾ ಹೊಲಿಗೆ ಹಾಕುವ ನಾನು ಆ ದಿನ ಸೂಜಿಯ ಕಡೆ ನೋಡಲಾರದೆ ಗೋಡೆ ನೋಡಿಕೊಂಡು ನಿಂತೆ.

ಆಮೇಲೆ ಹೊಲಿಗೆಯ ಟೇಪ್ ಹಿಡಿದು ಅಳೆದೆ. ನನ್ನ ಮಗ ಮೂರಡಿ ಒಂದು ಇಂಚು. ಹುಂಜ ನಿಂತಲ್ಲಿಂದ ಹಾರಿದರೆ ಕಾಲು ಬಂದು ತಗಲುವುದು ಮೂರಡಿಗೇ. ನಮಗೆ ಸೊಂಟದ ಹತ್ತಿರ ಗೀರುವ ಹುಂಜ ಮಗುವಿಗೆ ಕಣ್ಣು ಗೀರುತ್ತದೆ. ಈ ಲೆಕ್ಕ ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ.

ಅಸೀಲ್ ಸಾಕುವವರು ನನ್ನ ಮೇಲೆ ಸಿಟ್ಟಾಗಬೇಡಿ. ಅದು ಹುಂಜ ಹುಂಜ ಕಾದಾಡಲೆಂದು ಬೆಳೆಸಿದ ತಳಿ. ಮನುಷ್ಯರ ಹತ್ತಿರ ಹಸುವಿನ ಥರ ಇರುವ ಅಸೀಲ್‌ಗಳನ್ನೂ ನೋಡಿದ್ದೇನೆ. ನಮ್ಮದನ್ನು ಮರಿಯಲ್ಲಿ ಹುಡುಗರು ಕಾಲು ಚಾಚಿ ಚಾಚಿ ಕೆಣಕಿ ಬೆಳೆಸಿದ್ದರಂತೆ. ಕಾಲು ಕಂಡರೆ ಹಾರಬೇಕು ಅಂತ ಅದಕ್ಕೆ ಅವರೇ ಕಲಿಸಿದ್ದು. ಗಿರಿರಾಜದ ಹುಂಜವೂ ಹೀಗೆ ಮಾಡಬಹುದು, ನಾಟಿಯದೂ ಮಾಡಬಹುದು. ಮೊಟ್ಟೆಗೆ ಹುಂಜ ಬೇಕಾಗಿಯೇ ಇಲ್ಲ. ಮರಿ ಮಾಡಿಸಲು ಮಾತ್ರ ಬೇಕು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಿರಿಮಗುವಿಗೆ ಐದಾರು ವರ್ಷ ಆಗುವ ತನಕ ನಮ್ಮ ಹಿತ್ತಲಿಗೆ ಹುಂಜ ಬರುವುದಿಲ್ಲ ಅಂತ ಮೈದುನನಿಗೆ ಹೇಳಿದ್ದೇನೆ. ಆ ಹುಂಜ ಎಲ್ಲಿಗೆ ಹೋಯಿತು ಅಂತ ಕೇಳಬೇಡಿ. ಅವತ್ತು ಭಾನುವಾರ, ಅತ್ತೆ ಮುದ್ದೆ ತಿರುವಿದ್ದರು.

ಆದಮೇಲೆ ಬಿ.ವಿ. 380 ತಂದೆ. ಕಂದು ಮೊಟ್ಟೆಯ ಕೋಳಿ. ಫಾರಂನವರು ಮೊಟ್ಟೆ ಕಡಿಮೆಯಾದವನ್ನು ತೆಗೆದು ಮಾರುತ್ತಾರಲ್ಲ, ಅಂಥ ಎರಡು. ಗುಣದಲ್ಲಿ ಇವಕ್ಕೆ ನೂರಕ್ಕೆ ನೂರು ಕೊಡುತ್ತೇನೆ. ಬೆನ್ನಿನ ಮೇಲೆ ಕೈ ಇಟ್ಟರೆ ರೆಕ್ಕೆ ಅಗಲಿಸಿ ಹಾಗೇ ಕೂತುಬಿಡುತ್ತವೆ. ಮಗಳು ಅದನ್ನು 'ನಮಸ್ಕಾರ ಮಾಡುತ್ತೆ' ಅನ್ನುತ್ತಾಳೆ. ಮೊಟ್ಟೆ ಇಡುವ ಪ್ರಾಯದ ಹ್ಯಾಟೆ ಹುಂಜಕ್ಕೆ ಕೂರುವ ರೀತಿ ಅದು, ಅವಳಿಗೆ ಹೇಳಿಲ್ಲ. ಆದರೆ ಬದುಕುವ ವಿದ್ಯೆಯಲ್ಲಿ ಸೊನ್ನೆ. ಗಿಡುಗ ಮೇಲೆ ಸುತ್ತಿದರೆ ನಾಟಿ ಕೋಳಿಗಳೆಲ್ಲ ಬೇಲಿ ಕೆಳಗೆ ನುಗ್ಗಿದವು, ಇವೆರಡೂ ಬಯಲಲ್ಲಿ ನಿಂತು ಆಕಾಶ ನೋಡುತ್ತಿದ್ದವು. ಕೊಕ್ಕಿನ ತುದಿ ಬೇರೆ ಕತ್ತರಿಸಿದ್ದರು. ಪಂಜರದಲ್ಲಿ ಒಂದನ್ನೊಂದು ಕುಕ್ಕದಿರಲಿ ಅಂತ ಹಾಗೆ ಮಾಡುತ್ತಾರೆ. 'ಇದಕ್ಕೆ ಯಾರಮ್ಮ ಹೊಡೆದಿದ್ದು?' ಅಂತ ಮಗ ಕೇಳಿದ. ಹಿತ್ತಲಲ್ಲಿ ಕೆದಕಿ ತಿಂದರೆ ಇವಕ್ಕೆ ಸಾಲುವುದಿಲ್ಲ, ಮೊಟ್ಟೆ ಕೋಳಿಯ ಮೇವು, ಸುಣ್ಣದ ಅಂಶ ಕೊಡಲೇಬೇಕು. ಬಲೆ ಹಾಕಿದ ಗೂಡು, ಕೊಂಡು ಹಾಕುವ ಮೇವು ಎರಡಕ್ಕೂ ಸಿದ್ಧವಿದ್ದರೆ ಪಟ್ಟಣದ ಮನೆಗೆ, ಸಣ್ಣ ಮಕ್ಕಳಿಗೆ ಇದಕ್ಕಿಂತ ಸಾಧು ಕೋಳಿ ನಾನು ಕಂಡಿಲ್ಲ.

ಕಡಕ್‌ನಾಥ್ ಕೇಳುವವರು ಬಹಳ. ಮಧ್ಯಪ್ರದೇಶದ ಝಾಬುವಾ ಕಡೆಯ ಕೋಳಿ. 2018ರಲ್ಲಿ ಅದರ ಮಾಂಸಕ್ಕೆ ಭೌಗೋಳಿಕ ಗುರುತು (ಜಿ.ಐ. ಟ್ಯಾಗ್) ಸಿಕ್ಕ ಮೇಲೆ ಎಲ್ಲ ಕಡೆ ಹೆಸರಾಯಿತು. ನಮ್ಮ ಪಕ್ಕದ ಮನೆಯವರದನ್ನು ಒಂದು ವರ್ಷ ನೋಡಿದೆ. ಚುರುಕು, ಪುಕ್ಕಲು, ಕೈಗೆ ಸಿಗುವುದಿಲ್ಲ. ಮಕ್ಕಳಿಗೆ ದೂರದಿಂದ ನೋಡಲು ಚಂದ, ಅಷ್ಟೇ. ಬೆಂಗಳೂರಿನ ನನ್ನ ತಂಗಿ ಮಗಳಿಗೆ ಸಿಲ್ಕಿ ಕೊಡಿಸಿದ್ದಾಳೆ. ಚೀನಾ ಮೂಲದ್ದು, ಗರಿ ಬದಲು ಹತ್ತಿ ಅಂಟಿಸಿದ ಹಾಗಿರುತ್ತದೆ, ಕಾಲಿಗೆ ಐದು ಬೆರಳು. ಗೊಂಬೆಯಂತೆ ಮಡಿಲಲ್ಲಿ ಮಲಗುತ್ತದೆ. ಆದರೆ ಆ ಹತ್ತಿಗೆ ಮಳೆ ತಡೆಯುವುದಿಲ್ಲ. ಒಂದು ಸಂಜೆ ತಾರಸಿಯಲ್ಲಿ ನೆನೆದು ನಡುಗುತ್ತಿದ್ದ ಕೋಳಿಗೆ ತಂಗಿ ತಲೆಕೂದಲು ಒಣಗಿಸುವ ಮಿಷನ್ ಹಿಡಿದಳಂತೆ. ನಮ್ಮ ಅತ್ತೆ ಇದನ್ನು ಬೀದಿಯವರಿಗೆಲ್ಲ ಹೇಳಿ ನಗುತ್ತಾರೆ.

ಅತ್ತೆಯ ಮತ ನಾಟಿಗೆ. ನಾನು ಮೊದಲು ಒಪ್ಪಲಿಲ್ಲ. ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಡುವ ಕೋಳಿ ಯಾಕೆ ಅಂದೆ. ಅದೂ ಅಲ್ಲದೆ ಮರಿ ಹಾಕಿಕೊಂಡು ತಿರುಗುವ ನಾಟಿ ಹ್ಯಾಟೆಯ ಹತ್ತಿರ ಮಗು ಹೋದರೆ ಗರಿ ಕೆದರಿ ಮೇಲೇ ಬೀಳುತ್ತದೆ. ಅದಕ್ಕೆ ಅತ್ತೆ 'ಎಲ್ಲವೂ ಹಂಗಲ್ಲ ಕಣವ್ವ, ನೋಡಿ ಇಟ್ಕೋಬೇಕು' ಅಂದರು.

ಅವರು ನೋಡುವ ರೀತಿ ಹೀಗೆ. ಕೋಳಿ ಕಾವಿಗೆ ಕೂತಾಗ ಮೆಲ್ಲಗೆ ಕೈಯನ್ನು ಹೊಟ್ಟೆಯ ಕೆಳಗೆ ತೂರಿಸುತ್ತಾರೆ. ಗೊರ್ ಅಂದು ಸುಮ್ಮನಾದರೆ ಅದು ಮನೆಯ ಕೋಳಿ. ರಕ್ತ ಬರುವ ಹಾಗೆ ಕುಕ್ಕಿದರೆ ಅದರ ಮೊಟ್ಟೆಯನ್ನು ಮರಿಗೆ ಇಡುವುದಿಲ್ಲ, ತಿನ್ನಲು ಮಾತ್ರ. ಅವರ ಅತ್ತೆಯೂ ಹೀಗೇ ಮಾಡುತ್ತಿದ್ದರಂತೆ. ಹೀಗೆ ಸಾಧುವಿನ ಮೊಟ್ಟೆಯನ್ನೇ ಆರಿಸಿ ಆರಿಸಿ ಮರಿ ಮಾಡಿಸಿದ್ದಾರೆ. ದೊಡ್ಡ ಸಂಸ್ಥೆಗಳು ತಳಿ ಮಾಡುವುದೂ ಇದೇ ಆರಿಸುವ ಕೆಲಸ ಅಲ್ವಾ? ಅವರು ಮೊಟ್ಟೆ, ತೂಕ ಎಣಿಸಿದರು, ನಮ್ಮ ಅಜ್ಜಿಯರು ಕೈಗೆ ಬಿದ್ದ ಕುಕ್ಕು ಎಣಿಸಿದರು. ಅದಕ್ಕೇ ನಾಟಿ ಕೋಳಿ ತರುವವರು ಸಂತೆಯಲ್ಲಿ ಕಾಲು ಕಟ್ಟಿ ತೂಗುಹಾಕಿದ್ದನ್ನು ತರಬೇಡಿ. ಮಕ್ಕಳಿರುವ ಮನೆಗೆ ಹೋಗಿ, ಅಲ್ಲಿ ಅಂಗಳದಲ್ಲಿ ಕಾಲಿಗೆ ತೊಡರುತ್ತ ಓಡಾಡುವ ಹ್ಯಾಟೆ ಯಾವುದು ನೋಡಿ, ಅದರ ಮರಿ ಕೇಳಿ.

ಈಗ ನಮ್ಮಲ್ಲಿ ನಾಟಿ, ಸ್ವರ್ಣಧಾರ ಎರಡೂ ಸೇರಿಸಿದ್ದೇವೆ. ಗಿರಿರಾಜ, ಸ್ವರ್ಣಧಾರಗಳು ಕಾವಿಗೆ ಕೂರುವುದರಲ್ಲಿ ಸೋಮಾರಿಗಳು. ಹೋದ ಕಾರ್ತಿಕದಲ್ಲಿ ಹುಂಜ ಇರುವವರ ಮನೆಯಿಂದ ಸ್ವರ್ಣಧಾರದ ಮೊಟ್ಟೆ ತಂದು ಅತ್ತೆಯ ನಾಟಿ ಹ್ಯಾಟೆಗೆ ಇಟ್ಟೆವು. ಮಂಕರಿಯಲ್ಲಿ ಹುಲ್ಲು, ಹನ್ನೊಂದು ಮೊಟ್ಟೆ, ಗುಡುಗಿಗೆ ಕೆಡದಿರಲಿ ಅಂತ ಒಂದು ಚೂರು ಕಬ್ಬಿಣ, ಒಂದು ಇದ್ದಿಲು. ಕಬ್ಬಿಣದಿಂದ ಏನಾಗುತ್ತದೋ ಬಿಡುತ್ತದೋ, ಅತ್ತೆಗೆ ಸಮಾಧಾನ. ಮಗಳು ಕ್ಯಾಲೆಂಡರಿನಲ್ಲಿ ದಿನಾ ಗೀಟು ಹಾಕಿದಳು. 21ನೇ ದಿನ ಒಂಬತ್ತು ಮರಿ. ಮೂರು ತಿಂಗಳಿಗೆ ಮರಿಗಳೇ ತಾಯಿಗಿಂತ ದೊಡ್ಡವಾದವು. ಆದರೂ ತಾಯಿ 'ಕೊಕ್' ಅಂದರೆ ಸಾಕು, ಆನೆಯಂಥ ಮಕ್ಕಳೆಲ್ಲ ಓಡಿಬಂದು ಅವಳ ಸುತ್ತ ನಿಲ್ಲುತ್ತಿದ್ದವು. ಒಂದು ವ್ಯತ್ಯಾಸ ಮಾತ್ರ ಕಂಡೆ. ತಾಯಿಯ ಜೊತೆ ಬೆಳೆದವು ಗಿಡುಗ, ಮುಂಗುಸಿಗಳಿಂದ ತಪ್ಪಿಸಿಕೊಳ್ಳುವುದು ಕಲಿಯುತ್ತವೆ, ಆದರೆ ನಮ್ಮಿಂದಲೂ ತಪ್ಪಿಸಿಕೊಳ್ಳುತ್ತವೆ. ಬಲ್ಬಿನ ಕೆಳಗೆ ಕೈಯಲ್ಲಿ ಬೆಳೆದವೇ ಮಕ್ಕಳಿಗೆ ಹತ್ತಿರ.

ಗುಣ ಎಷ್ಟೇ ಒಳ್ಳೆಯದಿರಲಿ, ಒಂದು ವಿಷಯದಲ್ಲಿ ಎಲ್ಲ ಕೋಳಿಯೂ ಒಂದೇ. ಮಗನಿಗೆ ಒಮ್ಮೆ ಜ್ವರ, ಭೇದಿ ಶುರುವಾಗಿ ಮೂರು ದಿನ ನಿಲ್ಲಲಿಲ್ಲ. ಮಕ್ಕಳ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, 'ಮನೆಯಲ್ಲಿ ಕೋಳಿ ಇದೆಯಾ?' ನೋಡಲು ಗಟ್ಟಿಮುಟ್ಟಾಗಿರುವ ಕೋಳಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಅದು ಬೇಗ ತಗಲುತ್ತದೆ, ಜೋರಾಗಿಯೂ ಆಗುತ್ತದೆ. ಇವನೋ, ಮರಿಗೆ ಮುತ್ತು ಕೊಡುವವನು. ಈಗ ಹಿತ್ತಲ ಬಾಗಿಲಲ್ಲೇ ಬಕೆಟ್, ಸೋಪು. ಗೂಡಿನ ಹತ್ತಿರ ಹೋಗಲು ಬೇರೆ ಚಪ್ಪಲಿ, ಅದು ಒಳಗೆ ಬರುವುದಿಲ್ಲ. ಮುತ್ತು ಇಲ್ಲ, ಅಲ್ಲಿ ನಿಂತು ಬಿಸ್ಕೆಟ್ ತಿನ್ನುವುದಿಲ್ಲ. ಮಕ್ಕಳಿಗೆ ಅರೆಬೆಂದ ಮೊಟ್ಟೆ ಕೊಡುವುದಿಲ್ಲ. ಸತ್ತ ಕೋಳಿಯನ್ನು, ತೂಕಡಿಸುವ ಕೋಳಿಯನ್ನು ಮಕ್ಕಳು ಮುಟ್ಟುವ ಹಾಗಿಲ್ಲ. 2025ರ ಶುರುವಿನಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ ಹಕ್ಕಿಜ್ವರ ಬಂದಾಗಿನಿಂದ ಇದನ್ನು ಅತ್ತೆಯೂ ಒಪ್ಪಿದ್ದಾರೆ.

ಹೆಸರಿಡುವ ವಿಷಯ ಹೇಳಲೇಬೇಕು. ಮಗಳು ಸ್ವರ್ಣಧಾರಗಳಿಗೆಲ್ಲ ಹೆಸರಿಟ್ಟಳು. ಲಡ್ಡು, ಕೆಂಪಿ, ಟೀಚರ್. ಒಂದು ಹಬ್ಬದ ಮಾರನೆಯ ದಿನ ನೆಂಟರು ಬಂದರು, ಲಡ್ಡು ಸಾರಾಯಿತು. ಅವಳು ತಟ್ಟೆ ತಳ್ಳಿ ಎದ್ದು ಹೋದಳು. ಅವತ್ತು ನನಗೂ ಅನ್ನ ಇಳಿಯಲಿಲ್ಲ. ಈಗ ಮನೆಯಲ್ಲಿ ಒಂದು ಕರಾರು ಇದೆ. ಹೆಸರಿಟ್ಟ ಕೋಳಿ ಸಾರಿಗೆ ಬರುವುದಿಲ್ಲ, ಮೊಟ್ಟೆಗೆ ಮಾತ್ರ. ಸಾರಿಗೆ ಬೆಳೆಸುವ ಹುಂಜದ ಮರಿಗಳು ಮೈದುನನ ತೋಟದಲ್ಲಿ ಇರುತ್ತವೆ, ಅವಕ್ಕೆ ಹೆಸರಿಲ್ಲ. ತಳಿ ಆರಿಸುವ ಮೊದಲೇ ಈ ಕೋಳಿ ಮೊಟ್ಟೆಗೋ ಮಾಂಸಕ್ಕೋ ಅಂತ ಮಕ್ಕಳ ಎದುರು ಮಾತಾಡಿಕೊಂಡಿದ್ದರೆ ಆ ದಿನ ಬರುತ್ತಿರಲಿಲ್ಲ.

ಸಂಪಾದಕರೇ, ಎರಡು ಬೇಡಿಕೆ ಇದೆ. ಮುಂದಿನ ಸಲ ತಳಿಗಳ ಪಟ್ಟಿ ಹಾಕುವಾಗ ಗುಣಕ್ಕೂ ಒಂದು ಕಾಲಂ ಬಿಡಿ. ಸಾಕಿದವರನ್ನು, ಅದರಲ್ಲೂ ಹೆಂಗಸರನ್ನು ಕೇಳಿ ತುಂಬಿಸಿ. ದಿನಾ ಗೂಡು ತೆಗೆಯುವವರು ನಾವೇ ತಾನೇ.

ಇನ್ನೊಂದು ಪಶುಪಾಲನಾ ಇಲಾಖೆಗೆ, ನಿಮ್ಮ ಮೂಲಕ. ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಯಾವ ತಳಿಯನ್ನೂ ಬಿಡುವುದಿಲ್ಲ. ಮೊದಲ ವಾರದಲ್ಲಿ ಕಣ್ಣಿಗೆ ಮೂಗಿಗೆ ಹನಿ, ಎರಡು ತಿಂಗಳಿಗೆ ಚುಚ್ಚುಮದ್ದು ಹಾಕಿಸಿ ಅನ್ನುತ್ತಾರೆ. ಸರಿ. ಆದರೆ ಆ ಲಸಿಕೆ ಬರುವುದು ನೂರಾರು ಕೋಳಿಗೆ ಆಗುವ ಸೀಸೆಯಲ್ಲಿ. ಐಸಿನಲ್ಲಿ ಇಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಐದು ಕೋಳಿ ಇರುವ ನನಗಾಗಿ ಯಾರು ಸೀಸೆ ಒಡೆಯುತ್ತಾರೆ? 'ಜಾಸ್ತಿ ಕೋಳಿ ಇದ್ದರೆ ಬನ್ನಿ' ಅಂತ ಎರಡು ಸಲ ವಾಪಸ್ ಕಳಿಸಿದರು. ಅವರ ತಪ್ಪೂ ಅಲ್ಲ ಬಿಡಿ. ತಿಂಗಳಿಗೊಂದು ದಿನ ಗೊತ್ತು ಮಾಡಿ, ಊರಿಗೊಂದು ಹೊತ್ತು ಹೇಳಿದರೆ ನಾವೇ ಮಂಕರಿ ಹೊತ್ತು ಬರುತ್ತೇವೆ. ಹೋದ ಸೋಮವಾರ ಮಗಳನ್ನು ಕರೆದುಕೊಂಡು ನಮ್ಮ ಬೀದಿಯ ಕೋಳಿಗಳನ್ನೆಲ್ಲ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಹದಿನಾಲ್ಕು ಮನೆ, ನೂರ ಏಳು ಕೋಳಿ. ಕಾವಿಗೆ ಕೂತಿರುವ ಮೂರನ್ನು ಬಿಟ್ಟು.

ಇಂತಿ,
ಇಬ್ಬರು ಮಕ್ಕಳ ತಾಯಿ,
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ